ಕೋವಿ ಸೇಫ್ ಇಳಿಸುವ ಮೊದಲು ಪೂರ್ತಿ ಕೇಳಿ

ಪುಟ್ಟಿ, ನಮ್ಮ ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜ್ ಈಗ ನೋಡಿದೆ. ಮಹಡಿಯಲ್ಲಿರೋ ಕೋವಿ ಸೇಫನ್ನು ಕುಶಾಲನಗರದ ಹೊಸ ಮನೆಗೆ ಸಾಗಿಸಬೇಕು, ಮುನ್ನೂರು ಕೆಜಿ ಹತ್ತಿರ ಇದೆ, ನಾಲ್ಕು ಜನ ಸಾಕಾ, ಭಯ ಆಗ್ತಿದೆ ಅಂತ ಕೇಳಿದ್ದೀಯ. ಭಯ ಆಗಲೇಬೇಕು ಮಗಳೇ.

ನಿಮ್ಮ ದೊಡ್ಡಪ್ಪನ ಎಡಗಾಲು ಎಲ್ಲರೂ ನೋಡಿದ್ದೀರಿ. ಕಾಳುಮೆಣಸು ಕೊಯ್ಯುವಾಗ ಮರದಿಂದ ಬಿದ್ದದ್ದು ಅಂತ ನಿಮ್ಮಲ್ಲಿ ಅರ್ಧ ಜನ ಅಂದುಕೊಂಡಿದ್ದೀರಿ. ಅಲ್ಲ, ಇಂಥದ್ದೇ ಸೇಫ್‌ನಿಂದ ಆದದ್ದು. ಆಸ್ತಿ ಪಾಲಾದ ಮೇಲೆ ಐನ್‌ಮನೆಯಿಂದ, ಅಂದರೆ ಹಿರಿಯರ ಮೂಲ ಮನೆಯಿಂದ, ನಮ್ಮ ಮನೆಗೆ ತರುತ್ತಿದ್ದರು. ಮಳೆಗಾಲ, ಮೆಟ್ಟಿಲೆಲ್ಲಾ ಒದ್ದೆ. ಬೀಗದ ಕೈ ಸಿಗಲಿಲ್ಲ ಅಂತ ಕೂಲಿಗೆ ಬಂದವರು ಬಾಗಿಲನ್ನು ಸುಮ್ನೆ ಮುಚ್ಚಿ ಗೋಣಿದಾರ ಬಿಗಿದಿದ್ದರು. ನಿಮ್ಮ ದೊಡ್ಡಪ್ಪ ಕೆಳಗಿನ ಮೆಟ್ಟಿಲಲ್ಲಿ ನಿಂತು ಭುಜ ಕೊಟ್ಟರು. ಸೇಫ್‌ನ ಬಾಗಿಲೇ ದೊಡ್ಡ ಭಾರ, ಅದು ತೆರೆದರೆ ಇಡೀ ಸೇಫ್ ಮುಂದಕ್ಕೆ ವಾಲುತ್ತದೆ. ದಾರ ಹರಿಯಿತು, ಬಾಗಿಲು ತೆರೆದುಕೊಂಡಿತು, ಮೇಲಿದ್ದವರ ಕೈಯಿಂದ ಹಗ್ಗ ಜಾರಿತು. ಇವರು ಪಕ್ಕಕ್ಕೆ ಹಾರಿದರು, ಕಾಲು ಮಾತ್ರ ಅಡಿಗೆ ಸಿಕ್ಕಿತು. ಪಾದದ ಮೂಳೆ ಪುಡಿಪುಡಿ.

ಅದಕ್ಕೇ ಹೇಳುತ್ತೇನೆ, ಸೇಫ್‌ನ ಕೆಳಗಡೆ ಯಾರೂ ನಿಲ್ಲಬಾರದು. ಜಾರಿದರೆ ಹಿಡಿಯೋಕೆ ಹೋಗಬಾರದು. ಬಿದ್ದರೆ ಬೀಳಲಿ, ಕಬ್ಬಿಣ ತಾನೇ.

ಇವರು ಆಸ್ಪತ್ರೆಯಲ್ಲಿ ಮಲಗಿದ್ದಾಗ ನಮ್ಮವರು ಎಷ್ಟು ಜನ ಬಂದಿರಿ? ಹೆಸರು ಹೇಳಲ್ಲ. ಜೋಡಿ ನಳಿಕೆ ಕೋವಿ ಯಾರ ಪಾಲಿಗೆ ಅಂತ ಜಗಳ ಆಡೋಕೆ ಎಲ್ಲರಿಗೂ ಬಿಡುವಿತ್ತು. ಈಗಲೂ ಅಷ್ಟೇ. ಸೆಪ್ಟೆಂಬರ್‌ನಲ್ಲಿ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಕೋವಿಗೆ ತೋಕ್ ಹೂ ಇಟ್ಟ ಫೋಟೋ ಹಾಕಿ ಅಂತ ಇದೇ ಗ್ರೂಪಿನಲ್ಲಿ ಕೇಳುತ್ತೀರಿ. ಆ ಕೋವಿ ಒರೆಸಿ ಎಣ್ಣೆ ಹಾಕೋಕೆ ಕುಂಟುತ್ತಾ ಮಹಡಿ ಹತ್ತೋದು ಇವರೊಬ್ಬರೇ. ಹಬ್ಬಕ್ಕಾದರೂ ಬಂದು ಅವರ ಪಕ್ಕ ಕೂರಬಾರದಾ? ನನಗೆ ಬೇಜಾರು ಅದೇ.

ಹೋಗಲಿ. ಪುಟ್ಟಿ, ಇನ್ನೊಂದು ಸಲ ಹೇಳುತ್ತೇನೆ, ನಿನ್ನ ಗಂಡನಿಗೂ ಕೇಳಿಸು. ಕೆಳಗಡೆ ಯಾರೂ ನಿಲ್ಲಬಾರದು. ಭುಜ ಕೊಡ್ತೀನಿ ಅಂತ ಯಾರಾದರೂ ಬಂದರೆ ಬೈದು ಆಚೆ ಕಳಿಸು.

ಅಯ್ಯೋ, ಮಾಡೋದು ಹೇಗೆ ಅಂತ ಹೇಳಲೇ ಇಲ್ಲ. ಮೊದಲು ಸೇಫ್ ಖಾಲಿ ಮಾಡಿ. ಕೋವಿಯಲ್ಲಿ ಗುಂಡಿಲ್ಲ ಅಂತ ನಿನ್ನ ಗಂಡನೇ ಬಿಚ್ಚಿ ನೋಡಲಿ. ಕೋವಿ ಬೇರೆ, ಕಾಡತೂಸು ಬೇರೆ, ಎರಡೂ ನಿಮ್ಮ ಕಾರಿನಲ್ಲೇ ಬರಲಿ, ಲಾರಿಯಲ್ಲಿ ಬೇಡ. ಜಮ್ಮಾ ಹಿಡುವಳಿದಾರರಿಗೆ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯದ ಜಮ್ಮಾ ಜಮೀನು ಇರೋರಿಗೆ, ಕೋವಿ ಲೈಸೆನ್ಸ್ ವಿನಾಯಿತಿ 2029ರ ತನಕ ಇದೆ, ಆದರೂ ವಿನಾಯಿತಿ ಪತ್ರ ಜೊತೆಗಿರಲಿ. ಒಳಗಿನ ಹಲಗೆಗಳನ್ನು ತೆಗೆದು ಬಾಗಿಲಿಗೆ ಬೀಗ ಹಾಕಿ, ಮೇಲೆ ಬೆಲ್ಟ್ ಬಿಗಿಯಿರಿ. ಬೀಗದ ಕೈ ನಿನ್ನ ಹತ್ತಿರ ಇಟ್ಟುಕೋ. ಮೆಟ್ಟಿಲಲ್ಲಿ ಕೈಯಲ್ಲಿ ಹೊರೋದು ಬೇಡವೇ ಬೇಡ. ಭಾರದ ಮೆಷಿನ್ ಇಳಿಸೋರು ಚೈನ್ ಬ್ಲಾಕ್, ಅಂದರೆ ಸರಪಳಿ ರಾಟೆ, ತರುತ್ತಾರೆ, ದುಡ್ಡು ಹೋದರೆ ಹೋಗಲಿ, ಅವರನ್ನೇ ಕರೆಸು. ನೆಲದ ಮೇಲೆ ಸೇಫ್ ಅಡಿಗೆ ಜಿಐ ಪೈಪ್ (ಕಬ್ಬಿಣದ ಪೈಪ್) ಹಾಕಿ ಉರುಳಿಸಿಕೊಂಡು ಹೋಗಬಹುದು, ಹೊಸ ಟೈಲ್ಸ್ ಮೇಲೆ ಹಲಗೆ ಹಾಸಿ. ಅಲ್ಲಿ ಕೆಳಗಿನ ಕೋಣೆಯಲ್ಲೇ ಇಟ್ಟು ಕಾಂಕ್ರೀಟಿಗೆ ಬೋಲ್ಟ್ ಹಾಕಿಸಿ.

ಮತ್ತೆ ಹೊಸ ಮನೆ ಬಾಗಿಲಿನ ಅಗಲ ಅಳೆದಿದ್ದೀರಾ? ಇವತ್ತೇ ಟೇಪ್ ಹಿಡಿದು ಬಾಗಿಲು, ಸೇಫ್ ಎರಡರ ಅಳತೆಯನ್ನೂ ಇಲ್ಲಿ ಹಾಕು, ದೊಡ್ಡಪ್ಪ ನೋಡುತ್ತಾರಂತೆ.