ಬ್ರಶ್ ಕಟರ್ ಪ್ರೈಮರ್ ಬಲ್ಬ್ ಬಿರುಕು ಬಿಟ್ಟಿದೆ, ಬಲ್ಬ್ ಒಂದನ್ನೇ ಹಾಕಿದರೆ ಸಾಕಾ?

ತೋಟದಮನೆ:
ಅಡಿಕೆ ತೋಟದ ಕಳೆಗೆ ಬಳಸುವ 43 ಸಿಸಿ ಟೂ ಸ್ಟ್ರೋಕ್ ಬ್ರಶ್ ಕಟರ್. ಕಾರ್ಬೊರೇಟರ್ ತಳದಲ್ಲಿರುವ ರಬ್ಬರ್ ಬಲ್ಬ್ ಹಳದಿಗಟ್ಟಿ, ಬುಡದ ಸುತ್ತ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಒತ್ತಿದರೆ ಬೆರಳಿಗೆ ಪೆಟ್ರೋಲ್ ಹತ್ತುತ್ತದೆ, ಒಳಗೆ ಬರೀ ಗುಳ್ಳೆ. ಚೋಕ್ ಹಾಕಿ ತುಂಬಾ ಹೊತ್ತು ಎಳೆದರೆ ಸ್ಟಾರ್ಟ್ ಆಗುತ್ತದೆ, ಆದರೆ ಐಡಲ್‌ನಲ್ಲಿ ತಾನಾಗಿಯೇ ರೇಸ್ ಏರಿ ಆಫ್ ಆಗುತ್ತದೆ. ಅಂಗಡಿಯವರು ಇಡೀ ಕಾರ್ಬೊರೇಟರ್ ಬದಲಿಸಿ ಅಂತಾರೆ. ಬಲ್ಬ್ ಮಾತ್ರ ಹಾಕಿದರೆ ನಡೆಯುತ್ತಾ? ಬಿಚ್ಚುವಾಗ ಏನು ನೋಡಿಕೊಳ್ಳಬೇಕು?

ಟೂಸ್ಟ್ರೋಕ್_ಶಿರಸಿ:
ಕಾರ್ಬೊರೇಟರ್ ಬೇಡ. ಹಾಗಂತ ಬಲ್ಬ್ ಒಂದೇ ಸಾಲದು, ಅದರ ಅಡಿಯ ವಾಲ್ವನ್ನೂ ಒಟ್ಟಿಗೇ ಹಾಕಿ.

ಈ ಬಲ್ಬ್ ಎಂಜಿನ್ ಒಳಗೆ ಪೆಟ್ರೋಲ್ ಚಿಮ್ಮಿಸುವುದಿಲ್ಲ. ಒತ್ತಿದಾಗ ಒಳಗಿನ ಗಾಳಿ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಹೋಗುತ್ತದೆ. ಬಿಟ್ಟಾಗ ಟ್ಯಾಂಕಿನ ಫಿಲ್ಟರ್, ಪೈಪ್, ಕಾರ್ಬೊರೇಟರ್ ಹಾದು ಪೆಟ್ರೋಲ್ ಬಲ್ಬಿಗೆ ಬರುತ್ತದೆ. ಇದನ್ನು ಒಂದೇ ದಿಕ್ಕಿಗೆ ಹರಿಸುವುದು ಬಲ್ಬಿನ ಕೆಳಗೆ ನಡುವಲ್ಲಿ ಕೂತಿರುವ ಅಣಬೆಯಾಕಾರದ ಸಣ್ಣ ರಬ್ಬರ್ ವಾಲ್ವ್. ಬಲ್ಬ್ ಒಡೆದು ವಾಲ್ವ್ ಚೆನ್ನಾಗಿದ್ದರೆ ಸ್ಟಾರ್ಟಿಂಗ್ ಮಾತ್ರ ಕಷ್ಟ. ಓಡುವಾಗ ತೊಂದರೆ ಇರಲ್ಲ. ನಿಮ್ಮದು ರೇಸ್ ಏರಿ ಆಫ್ ಆಗುತ್ತಿದೆ. ಅಂದರೆ ವಾಲ್ವಿನ ಅಂಚೂ ಗಟ್ಟಿಯಾಗಿ, ಬಿರುಕಿನ ಗಾಳಿ ಕಾರ್ಬೊರೇಟರಿನ ಡಯಾಫ್ರಮ್ (ಪೆಟ್ರೋಲ್ ಅಳೆದು ಬಿಡುವ ತೆಳು ಪರದೆ) ಕೋಣೆಗೆ ಸೇರುತ್ತಿರುವ ಸಾಧ್ಯತೆ ಹೆಚ್ಚು. ಪೆಟ್ರೋಲ್ ಕಡಿಮೆಯಾದರೆ ಟೂ ಸ್ಟ್ರೋಕಿನಲ್ಲಿ ಆಯಿಲ್ ಕೂಡ ಕಡಿಮೆಯಾದಂತೆಯೇ. ಹಾಗೇ ಎಳೆದಾಡಿಕೊಂಡು ಓಡಿಸಿದರೆ ಪಿಸ್ಟನ್ ಸೀಜ್ ಆಗುತ್ತದೆ. ಸದ್ಯ ಕೆಲಸ ನಿಲ್ಲಿಸಿ. ಕಾರ್ಬೊರೇಟರಿನ ಟ್ಯೂನಿಂಗ್ ಸ್ಕ್ರೂ ತಿರುಗಿಸಿ ಸರಿ ಮಾಡಲೂ ಹೋಗಬೇಡಿ, ಗಾಳಿ ಸೋರುವಾಗ ಮಾಡಿದ ಟ್ಯೂನಿಂಗ್ ಆಮೇಲೆ ಕೆಲಸಕ್ಕೆ ಬರಲ್ಲ.

ಹಳೆ ಬಲ್ಬನ್ನು ಅಂಗಡಿಗೆ ಒಯ್ಯಿರಿ. ಸಾಮಾನ್ಯ ಅಳತೆ ಅಂಚಿನಿಂದ ಅಂಚಿಗೆ ಸುಮಾರು 22 ಮಿ.ಮೀ., ಆದರೆ ಕ್ಯಾಲಿಪರ್ ಹಿಡಿದೇ ಕೊಳ್ಳಿ. ಒಂದು ಮಿ.ಮೀ. ದೊಡ್ಡದಾದರೂ ರಿಂಗಿನ ಅಡಿ ಮಡಚಿಕೊಂಡು ಸೋರುತ್ತದೆ.

ಎಂಜಿನ್ ತಣ್ಣಗಿರಲಿ, ಪ್ಲಗ್ ಕ್ಯಾಪ್ ತೆಗೆಯಿರಿ, ಟ್ಯಾಂಕ್ ಖಾಲಿ ಮಾಡಿ. ಏರ್ ಫಿಲ್ಟರ್ ಬಿಚ್ಚಿದರೆ ಕೈಯಾಡಿಸಲು ಜಾಗ ಸಿಗುತ್ತದೆ. ಎರಡು ಪೈಪುಗಳಲ್ಲಿ ಯಾವುದು ಎಲ್ಲಿತ್ತು ಎಂದು ಫೋಟೊ ತೆಗೆದಿಟ್ಟೇ ಕೀಳಿ. ಆಮೇಲೆ ಬಲ್ಬಿನ ರಿಂಗ್ ಹಿಡಿದಿರುವ ಸ್ಕ್ರೂಗಳು, ಎರಡು ಅಥವಾ ನಾಲ್ಕು ಇರುತ್ತವೆ. ಜಾಗ್ರತೆ ಬೇಕಾದ್ದು ಇಲ್ಲೇ. ಹೆಚ್ಚಿನ ಮಷಿನ್‌ಗಳಲ್ಲಿ ಅದೇ ಸ್ಕ್ರೂಗಳು ಕೆಳಗಿನ ಪ್ಲೇಟು, ಡಯಾಫ್ರಮ್ಮನ್ನೂ ಹಿಡಿದಿರುತ್ತವೆ. ಕಾರ್ಬೊರೇಟರ್ ತಲೆಕೆಳಗು ಮಾಡಿ, ಪ್ಲೇಟನ್ನು ಬೆರಳಲ್ಲಿ ಒತ್ತಿ ಹಿಡಿದು ರಿಂಗ್ ಮಾತ್ರ ಎತ್ತಿ. ಕೈತಪ್ಪಿ ಎಲ್ಲ ಬಿಚ್ಚಿಕೊಂಡರೆ, ಜೋಡಿಸುವಾಗ ಕಾರ್ಬೊರೇಟರ್ ಬಾಡಿಯ ಮೇಲೆ ಮೊದಲು ಗ್ಯಾಸ್ಕೆಟ್ (ಸೋರಿಕೆ ತಡೆಯುವ ತೆಳು ಹಾಳೆ), ಅದರ ಮೇಲೆ ಡಯಾಫ್ರಮ್, ಆಮೇಲೆ ಪ್ಲೇಟು. ಗ್ಯಾಸ್ಕೆಟ್, ಡಯಾಫ್ರಮ್ ಅದಲುಬದಲಾದರೆ ಮಷಿನ್ ಸ್ಟಾರ್ಟೇ ಆಗದಿರಬಹುದು.

ಹಳೆ ವಾಲ್ವನ್ನು ಮೊಂಡು ಇಕ್ಕಳದಲ್ಲಿ ನೇರವಾಗಿ ಎಳೆಯಿರಿ. ಕೂರುವ ಜಾಗವನ್ನು ಬಟ್ಟೆಗೆ ಪೆಟ್ರೋಲ್ ಮುಟ್ಟಿಸಿ ಒರೆಸಿ. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಬೇಡ, ಅದು ಡಯಾಫ್ರಮ್ಮನ್ನು ಸುಕ್ಕುಗಟ್ಟಿಸುತ್ತದೆ. ಹೊಸ ವಾಲ್ವಿಗೆ ಒಂದು ಹನಿ 2ಟಿ ಆಯಿಲ್ ಹಚ್ಚಿ, ವಾಲ್ವಿನ ಸೀಳಿಗೆ ಚೂಪಾದ್ದೇನೂ ತಾಗದಂತೆ ಒತ್ತಿ. ಬಲ್ಬಿನ ಅಂಚು ಪೂರ್ತಿ ಅದರ ತೋಡಿನಲ್ಲಿ ಕೂತಿದೆಯೇ ಎಂದು ಸುತ್ತ ಬೆರಳಾಡಿಸಿ ನೋಡಿ. ಗಮ್, ಸಿಲಿಕಾನ್ ಎಂದಿಗೂ ಬೇಡ. ಪೆಟ್ರೋಲಿಗೆ ಸಿಲಿಕಾನ್ ಮೆತ್ತಗಾಗಿ ಚೂರುಚೂರಾಗಿ ಜೆಟ್ಟಿಗೆ (ಪೆಟ್ರೋಲ್ ಹೋಗುವ ಸಣ್ಣ ತೂತಿಗೆ) ಹೋಗುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿ ಮಾಡಿ, ರಿಂಗ್ ಪ್ಲೇಟಿಗೆ ತಾಗಿದ ಮೇಲೆ ಕಾಲು ಸುತ್ತು ಸಾಕು. ಬಾಡಿ ಮೆದು ಲೋಹದ್ದು, ಜೋರು ಮಾಡಿದರೆ ಥ್ರೆಡ್ ಹೋಗುತ್ತದೆ. ಆಗ ಅಂಗಡಿಯವರು ಹೇಳಿದ್ದೇ ನಿಜವಾಗುತ್ತದೆ :)

ಕಾಫಿಕಾಡು:
ಮೇಲಿನದೆಲ್ಲ ಸರಿ. ಬಿಚ್ಚುವ ಮೊದಲು ಬಲ್ಬ್ ಬೆರಳಡಿ ಹೇಗೆ ವರ್ತಿಸುತ್ತದೆ ನೋಡಿ, ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ. ಒತ್ತಿ ಬಿಟ್ಟಾಗ ಚಪ್ಪಟೆಯಾಗಿಯೇ ಉಳಿದರೆ ಎಳೆಯುವ ಕಡೆ ಕಟ್ಟಿದೆ: ಟ್ಯಾಂಕಿನ ಫಿಲ್ಟರ್, ಮಡಚಿದ ಪೈಪ್, ಇಲ್ಲವೇ ಅಂಟಿಕೊಂಡ ಇನ್ಲೆಟ್ ಸೂಜಿ (ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಬಿಡುವ ಸೂಜಿ). ಒತ್ತಲಿಕ್ಕೇ ಕಲ್ಲಿನಂತಿದ್ದರೆ ರಿಟರ್ನ್ ಪೈಪ್ ಮುಚ್ಚಿದೆ. ಉಬ್ಬಿ ಬರುತ್ತದೆ, ಆದರೆ ಗುಳ್ಳೆ ನಿಲ್ಲುವುದೇ ಇಲ್ಲ ಎಂದರೆ ಫಿಲ್ಟರಿನಿಂದ ಕಾರ್ಬೊರೇಟರ್ ತನಕ ಎಲ್ಲೋ ಗಾಳಿ. ಇದರಲ್ಲಿ ಹೆಚ್ಚು ಸಲ ಸಿಗುವ ಜಾಗ ಪೈಪ್ ಟ್ಯಾಂಕಿನ ಗ್ರಾಮೆಟ್ (ತೂತಿನಲ್ಲಿ ಕೂರುವ ರಬ್ಬರ್ ಬಳೆ) ದಾಟುವಲ್ಲಿ. ಹೊರಗಿಂದ ಚೆನ್ನಾಗಿ ಕಾಣುತ್ತದೆ, ಎಳೆದು ಬಗ್ಗಿಸಿದರೆ ಸೀಳು ಬಾಯಿ ಬಿಡುತ್ತದೆ. ಪೈಪ್, ಫಿಲ್ಟರ್, ಗ್ರಾಮೆಟ್ ಮೂರನ್ನೂ ಈಗಲೇ ಹಾಕಿಬಿಡಿ, ಬಲ್ಬ್ ಹಳದಿಗಟ್ಟಿದ್ದರೆ ಅವುಗಳದ್ದೂ ಅದೇ ವಯಸ್ಸು.

ಬಂಕಿನಲ್ಲಿ ಈಗ ಸಿಗುವುದು ಇ20, ಶೇ 20 ಎಥೆನಾಲ್. ಹಳೆಯ ಕಾಲದ ರಬ್ಬರ್ ಭಾಗಗಳಿಗೆ ಅದು ಆಗಿಬರುವುದಿಲ್ಲ. ಮೊದಲು ಉಬ್ಬಿಸುತ್ತದೆ, ಒಣಗಿದ ಮೇಲೆ ಬಿರುಕು ಬಿಡಿಸುತ್ತದೆ. ಮಳೆಗಾಲದಲ್ಲಿ ತೇವವನ್ನೂ ಎಳೆದುಕೊಳ್ಳುತ್ತದೆ. ಕಳೆ ಹೊಡೆದು ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಬಲ್ಬನ್ನು ಹಲವು ಸಲ ಒತ್ತಿ ಉಳಿದದ್ದನ್ನು ಟ್ಯಾಂಕಿಗೆ ಕಳಿಸಿ ಸುರಿದು, ಆಮೇಲೆ ಎಂಜಿನ್ ತಾನೇ ನಿಲ್ಲುವ ತನಕ ಓಡಿಸಿ. ಮಷಿನ್ ನೆರಳಿನಲ್ಲಿರಲಿ, ಬಿಸಿಲೂ ಬಲ್ಬಿಗೆ ಶತ್ರು. ಉಗುರಲ್ಲಿ ಒತ್ತುವ ಅಭ್ಯಾಸ ಕೆಲಸದವರಿಗೆ ಬಿಡಿಸಿ.

ಪೆಟ್ರೋಲ್-ಆಯಿಲ್ ಮಿಶ್ರಣ ಮ್ಯಾನುಯಲ್ ಹೇಳಿದಷ್ಟೇ: 25:1 ಎಂದರೆ ಲೀಟರ್ ಪೆಟ್ರೋಲಿಗೆ ಆಯಿಲ್ 40 ಮಿ.ಲೀ., 50:1 ಎಂದರೆ 20.

ಹುಲ್ಲುಹಾಸು:
ನಾಲ್ಕು ಚಕ್ರದ ಲಾನ್ ಮೂವರ್ ಇರುವವರು ಇದನ್ನೇ ನೋಡಿ ಬಿಚ್ಚಬೇಡಿ. ಅಲ್ಲಿ ಫ್ಲೋಟ್ ಕಾರ್ಬೊರೇಟರ್, ಬಲ್ಬ್ ಗಾಳಿಯನ್ನು ಬೌಲಿಗೆ (ಪೆಟ್ರೋಲ್ ನಿಲ್ಲುವ ಬಟ್ಟಲಿಗೆ) ತಳ್ಳಿ ಪೆಟ್ರೋಲನ್ನು ನೇರ ಕಾರ್ಬೊರೇಟರಿನ ಗಂಟಲಿಗೆ ಏರಿಸುತ್ತದೆ. ಅದಕ್ಕೇ ಬೇಕಾದ್ದಕ್ಕಿಂತ ಹೆಚ್ಚು ಸಲ ಒತ್ತಿದರೆ ಪೆಟ್ರೋಲ್ ಜಾಸ್ತಿಯಾಗಿ ಫ್ಲಡ್ ಆಗುತ್ತದೆ. ಬ್ರಶ್ ಕಟರಿನಲ್ಲಿ ಹತ್ತು ಸಲ ಒತ್ತಿದರೂ ಹೆಚ್ಚಿನದು ಟ್ಯಾಂಕಿಗೆ ವಾಪಸ್. ಬಹಳಷ್ಟು ಮೂವರ್‌ಗಳಲ್ಲಿ ಬಲ್ಬ್ ಏರ್ ಫಿಲ್ಟರ್ ಡಬ್ಬಿಯಲ್ಲೇ ಕೂತಿದ್ದು, ಹಲ್ಲಿರುವ ಲೋಹದ ರಿಂಗ್ ಅದನ್ನು ಹಿಡಿದಿರುತ್ತದೆ, ಸ್ಕ್ರೂ ಇರುವುದಿಲ್ಲ. ರಿಂಗನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದು, ಹೊಸ ಬಲ್ಬ್, ಹೊಸ ರಿಂಗನ್ನು ಅಳತೆಗೆ ಸರಿಯಾದ ಉದ್ದ ಸಾಕೆಟ್ಟಿನಿಂದ ನೇರವಾಗಿ ಒತ್ತಿ. ಹಳೆ ರಿಂಗ್ ಮತ್ತೆ ಬಿಗಿ ಹಿಡಿಯಲ್ಲ.

ತೋಟದಮನೆ:
ಬಲ್ಬ್, ವಾಲ್ವ್, ಪೈಪ್, ಫಿಲ್ಟರ್ ಎಲ್ಲ ಹೊಸದು ಹಾಕಿಯಾಯ್ತು. ಈಗ ಎಷ್ಟು ಒತ್ತಿದರೂ ಬಲ್ಬಿಗೆ ಪೆಟ್ರೋಲ್ ಬರುತ್ತಿಲ್ಲ. ಒತ್ತಿದಾಗೆಲ್ಲ ಟ್ಯಾಂಕಿನಲ್ಲಿ ಫಿಲ್ಟರಿನಿಂದ ಗುಳ್ಳೆ ಏಳುತ್ತಿದೆ.

ಟೂಸ್ಟ್ರೋಕ್_ಶಿರಸಿ:
ಪೈಪ್ ಅದಲುಬದಲಾಗಿದೆ. ಎರಡನ್ನೂ ಕಾರ್ಬೊರೇಟರಿನಿಂದ ಕಿತ್ತು, ಎರಡೂ ಮೂತಿಗಳ ಬಳಿ ಒದ್ದೆ ಬೆರಳು ಹಿಡಿದು ಬಲ್ಬ್ ಒತ್ತಿ. ಗಾಳಿ ಹೊರಗೆ ಬರುವ ಮೂತಿ ರಿಟರ್ನ್, ಅದಕ್ಕೆ ಫಿಲ್ಟರ್ ಇಲ್ಲದ ಪೈಪ್. ಇನ್ನೊಂದಕ್ಕೆ ಫಿಲ್ಟರ್ ಇರುವ ಪೈಪ್. ಹತ್ತು ಸಲ ಒತ್ತುವುದರೊಳಗೆ ಬಲ್ಬ್ ತುಂಬಬೇಕು. ಮೇಲ್ಗಡೆ ಸಣ್ಣದೊಂದು ಗುಳ್ಳೆ ಉಳಿದರೆ ಚಿಂತೆ ಬೇಡ.