ಆಧಾರ್‌ನಲ್ಲಿ 18, ಟಿಸಿಯಲ್ಲಿ 16: ಭಾನುವಾರ ಮದುವೆ, ಮುಚ್ಚಳಿಕೆ ಬರೆಸಿಕೊಂಡರೆ ಸಾಕೇ?

ಅರಳಿಕಟ್ಟೆ:
ಶಾಲೆಯ ಟಿಸಿ ಪ್ರಕಾರ ಹುಡುಗಿಗೆ 16 ವರ್ಷ 4 ತಿಂಗಳು. ಮನೆಯವರು ಆಧಾರ್ ಕಾರ್ಡ್ ತೋರಿಸಿ 18 ತುಂಬಿದೆ ಅಂತಿದ್ದಾರೆ. ಲಗ್ನಪತ್ರಿಕೆ ಹಂಚಿದ್ದಾಗಿದೆ, ಮದುವೆ ಭಾನುವಾರ, ಗಂಡಿನ ಊರು ಪಕ್ಕದ ತಾಲ್ಲೂಕು. ಇಂಥ ಕಡೆ ಸಾಮಾನ್ಯವಾಗಿ ಅಧಿಕಾರಿಗಳು ಅಪ್ಪ ಅಮ್ಮನ ಹತ್ತಿರ ಮದುವೆ ಮಾಡುವುದಿಲ್ಲ ಅಂತ ಮುಚ್ಚಳಿಕೆ ಬರೆಸಿಕೊಂಡು ವಾಪಸ್ ಬರುತ್ತಾರೆ. ಅಷ್ಟಕ್ಕೇ ಮದುವೆ ನಿಲ್ಲುತ್ತದೆಯೇ? ಯಾವ ದಾಖಲೆ ನಂಬಬೇಕು, ಯಾರ ಹತ್ತಿರ ಹೋಗಬೇಕು? ಬಲ್ಲವರು ದಯವಿಟ್ಟು ಬೇಗ ತಿಳಿಸಿ.

ಕರಿಕೋಟು:
ಮೊದಲು ವಯಸ್ಸಿನ ವಿಷಯ ಮುಗಿಸಿಬಿಡೋಣ. ಆಧಾರ್ ಗುರುತಿನ ಚೀಟಿ, ಹುಟ್ಟಿದ ದಿನಾಂಕಕ್ಕೆ ಪುರಾವೆಯಲ್ಲ. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಹಾಗೇ ಹೇಳಿದೆ. ಬಾಲನ್ಯಾಯ ಕಾಯ್ದೆ 2015ರ 94ನೇ ಕಲಂ ಪ್ರಕಾರ ಮೊದಲ ಸ್ಥಾನ ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ. ಅವು ಇಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಅದೂ ಇಲ್ಲದಿದ್ದಾಗ ಮಾತ್ರ ವಯಸ್ಸು ಅಂದಾಜಿಸುವ ಮೂಳೆ ಪರೀಕ್ಷೆ. ಟಿಸಿ ಒಂದೇ ಈ ಪಟ್ಟಿಯ ದಾಖಲೆ ಅನ್ನಿಸಿಕೊಳ್ಳುವುದಿಲ್ಲ. ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಸಿಕ್ಕಮೇಲೆ ಮೂಳೆ ಪರೀಕ್ಷೆಯ ಮಾತಿಗೆ ಅವಕಾಶ ಕೊಡಬೇಡಿ. ಹೆಚ್ಚಿನ ಸಲ ಅದು ದಿನ ತಳ್ಳುವ ಉಪಾಯ. ಮುಖ್ಯಶಿಕ್ಷಕರ ಸಹಿ, ಮೊಹರು ಇರುವ ಆ ಪ್ರಮಾಣಪತ್ರವನ್ನೂ ದಾಖಲಾತಿ ವಹಿಯ ನಕಲನ್ನೂ ಇವತ್ತೇ ತೆಗೆದುಕೊಳ್ಳಿ.

ಇನ್ನು ಮುಚ್ಚಳಿಕೆ. ಅದು ಬರೀ ಮಾತು ಕೊಟ್ಟ ಹಾಗೆ. ಮುರಿದರೆ ಮುಚ್ಚಳಿಕೆ ಮುರಿದದ್ದಕ್ಕೆಂದೇ ಶಿಕ್ಷೆ ಇಲ್ಲ. ನಿಮಗೆ ಬೇಕಿರುವುದು ಬಾಲ್ಯವಿವಾಹ ನಿಷೇಧ ಕಾಯ್ದೆ 2006ರ 13ನೇ ಕಲಂ ಅಡಿ ತಡೆಯಾಜ್ಞೆ. ಬಾಲ್ಯವಿವಾಹ ನಿಷೇಧಾಧಿಕಾರಿ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು, ಯಾರೇ ಆಗಲಿ ದೂರನ್ನೂ ಕೊಡಬಹುದು. ಲಗ್ನಪತ್ರಿಕೆ ಅಚ್ಚಾಗುವವರೆಗೆ ಕಾಯಬೇಕಿಲ್ಲ, ಮದುವೆ ನಿಶ್ಚಯವಾಗಿದೆ ಅಂದರೆ ಸಾಕು. ಮಾಮೂಲಾಗಿ ಎದುರು ಪಕ್ಷಕ್ಕೆ ನೋಟಿಸ್ ಹೋಗಬೇಕು. ಆದರೆ ತುರ್ತು ಇದ್ದಾಗ ನೋಟಿಸ್ ಇಲ್ಲದೆಯೇ ಮಧ್ಯಂತರ ತಡೆಯಾಜ್ಞೆ ಕೊಡುವ ಅಧಿಕಾರ ನ್ಯಾಯಾಲಯಕ್ಕಿದೆ. ಇರುವುದೇ ನಾಲ್ಕು ದಿನ, ಅದನ್ನೇ ಕೇಳಿ. ಆಜ್ಞೆ ಮೀರಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆಜ್ಞೆ ಮೀರಿ ಕಟ್ಟಿದ ತಾಳಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ, ಆ ಮದುವೆ ಮೊದಲಿನಿಂದಲೇ ಶೂನ್ಯ.

ತೊಟ್ಟಿಲುಹಗ್ಗ:
ಮೇಲಿನವರು ಹೇಳಿದ್ದು ಸರಿ. ಆದರೆ ಅರ್ಜಿ ಬರೆಯುವಾಗ ಆಗುವ ಒಂದು ತಪ್ಪಿನಿಂದ ಎಲ್ಲವೂ ಸೋರಿ ಹೋಗುತ್ತದೆ. ಹುಡುಗಿಯ ಅಪ್ಪ ಅಮ್ಮನ ಹೆಸರು ಮಾತ್ರ ಹಾಕುತ್ತಾರೆ. ಗಂಡು, ಅವನ ತಂದೆ ತಾಯಿ, ಸೋದರಮಾವ, ಪುರೋಹಿತರು ಅಥವಾ ಖಾಜಿ, ಛತ್ರದ ಮಾಲೀಕರು, ಇವರನ್ನೂ ಸೇರಿಸಿ. ಸ್ಥಳದ ಹೆಸರು ಬರೆದು "ಅಲ್ಲಿ ಅಥವಾ ಬೇರೆ ಯಾವುದೇ ಸ್ಥಳದಲ್ಲಿ" ಅಂತ ಕೇಳಿ. ಇಲ್ಲವಾದರೆ ಭಾನುವಾರದ ಮದುವೆ ಶುಕ್ರವಾರ ರಾತ್ರಿ ಗಂಡಿನ ಊರಿನ ಗುಡಿಯಲ್ಲಿ ಮುಗಿದಿರುತ್ತದೆ, ಗಡಿ ಜಿಲ್ಲೆಯಾದರೆ ಆಂಧ್ರದಲ್ಲೋ ಮಹಾರಾಷ್ಟ್ರದಲ್ಲೋ.

ಅದಕ್ಕೇ ಮಾಹಿತಿ ಎರಡೂ ತಾಲ್ಲೂಕಿಗೆ ಒಟ್ಟಿಗೇ ಹೋಗಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ನಿಮ್ಮ ಹೆಸರು ಹೇಳಲೇಬೇಕೆಂದಿಲ್ಲ. ಜೊತೆಗೆ ಎರಡೂ ಕಡೆಯ ಸಿಡಿಪಿಒಗೆ (ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ನಿಷೇಧಾಧಿಕಾರಿಗಳಲ್ಲಿ ಇವರೂ ಒಬ್ಬರು) ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಲಗ್ನಪತ್ರಿಕೆಯ ಫೋಟೋ, ಟಿಸಿ ನಕಲು, ಮನೆಯ ಗುರುತು, ಗಂಡಿನ ವಿಳಾಸ, ಈ ನಾಲ್ಕು ಇದ್ದರೆ ಯಾರೂ "ಮಾಹಿತಿ ಸಾಲದು" ಅಂತ ಹಿಂದಕ್ಕೆ ಕಳಿಸಲಾಗದು. ಅಪರಾಧ ಸಂಜ್ಞೇಯ, ಜಾಮೀನುರಹಿತ. ಪೊಲೀಸರು ಕೋರ್ಟಿನ ಆದೇಶಕ್ಕೆ ಕಾಯಬೇಕಿಲ್ಲ.

ಹುಡುಗಿಯನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುವುದನ್ನು ಬಿಡಬೇಡಿ. ವಯಸ್ಸಿಗೆ ಮೊದಲೇ ಮದುವೆಯಾಗುವ ಅಪಾಯದಲ್ಲಿರುವ ಮಗುವನ್ನು ಬಾಲನ್ಯಾಯ ಕಾಯ್ದೆ ಪಾಲನೆ, ರಕ್ಷಣೆ ಬೇಕಾದ ಮಗು ಎಂದೇ ಕರೆಯುತ್ತದೆ. ಅವಳನ್ನು ಬೇರೆಯಾಗಿ ಕೂರಿಸಿ ಮಾತಾಡಿಸಬೇಕು. ಅಪ್ಪ, ದೊಡ್ಡಪ್ಪ ಎದುರಿಗೆ ನಿಂತಿರುವಾಗ "ನನಗೆ ಒಪ್ಪಿಗೆ" ಅನ್ನದೆ ಆ ಮಗು ಇನ್ನೇನು ಹೇಳೀತು?

(ಅಕ್ಷಯ ತದಿಗೆ, ಅಂದರೆ ನಮ್ಮ ಬಸವ ಜಯಂತಿಯ ದಿನ, ಸಾಮೂಹಿಕ ಬಾಲ್ಯವಿವಾಹ ತಡೆಯಲು ಜಿಲ್ಲಾಧಿಕಾರಿಯೇ ನಿಷೇಧಾಧಿಕಾರಿ ಎಂದು ಕಾಯ್ದೆ ಹೇಳುತ್ತದೆ. ಸಾಮೂಹಿಕ ವಿವಾಹ ಮಾಡಿಸುವ ಮಠ, ಟ್ರಸ್ಟ್‌ಗಳು ಆಧಾರ್ ಬಿಟ್ಟು ಶಾಲಾ ದಾಖಲೆಯನ್ನೇ ಕೇಳಬೇಕು.)

ಅರಳಿಕಟ್ಟೆ:
ತುಂಬಾ ಉಪಕಾರವಾಯಿತು. ಇನ್ನೊಂದು ಸಂದೇಹ. ಅಕಸ್ಮಾತ್ ಮದುವೆ ನಡೆದೇಹೋದರೆ? "ಆಗಿದ್ದು ಆಗಿಹೋಯ್ತು" ಅಂತ ಊರಿನವರು ಕೈಬಿಡುತ್ತಾರೆ.

ಕರಿಕೋಟು:
ತಡೆಯಾಜ್ಞೆ ಇಲ್ಲದೆ ನಡೆದುಹೋದರೆ, ಕೇಂದ್ರ ಕಾಯ್ದೆಯಲ್ಲಿ ಬಾಲ್ಯವಿವಾಹ ರದ್ದು ಮಾಡಿಸಬಹುದಾದ ಮದುವೆ, ತಾನಾಗಿ ರದ್ದಾಗುವುದಿಲ್ಲ. ಪ್ರೌಢ ವಯಸ್ಸು ತುಂಬಿ 2 ವರ್ಷದೊಳಗೆ, ಅಂದರೆ ಹುಡುಗಿಗೆ 20 ತುಂಬುವುದರೊಳಗೆ, ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಕರ್ನಾಟಕ ಒಂದು ಹೆಜ್ಜೆ ಮುಂದೆ ಹೋಗಿದೆ. ನಮ್ಮ 2016ರ ತಿದ್ದುಪಡಿ ಜಾರಿಯಾದ ಮೇಲೆ ಇಲ್ಲಿ ನಡೆದ ಬಾಲ್ಯವಿವಾಹ ಮೊದಲಿನಿಂದಲೇ ಶೂನ್ಯ. ಹಾಗಂತ ಕೋರ್ಟಿಗೆ ಹೋಗುವುದು ಬೇಡ ಅಂತ ನಾನು ಹೇಳುವುದಿಲ್ಲ. ಜೀವನಾಂಶ, ವಾಸದ ವ್ಯವಸ್ಥೆ, ಒಡವೆ ವಸ್ತು ವಾಪಸ್ ಕೊಡಿಸುವುದು ಇವೆಲ್ಲ ಮದುವೆ ರದ್ದು ಮಾಡುವ ಡಿಕ್ರಿಯ (ಕೋರ್ಟಿನ ತೀರ್ಮಾನದ) ಜೊತೆಗೇ ಬರುವ ಆದೇಶಗಳು. ಗಂಡೂ ಅಪ್ರಾಪ್ತನಾಗಿದ್ದರೆ ಜೀವನಾಂಶವನ್ನು ಅವನ ತಂದೆ ತಾಯಿ ಕೊಡಬೇಕಾಗುತ್ತದೆ. ಮಗು ಹುಟ್ಟಿದ್ದರೆ ಅದು ಸಕ್ರಮ ಸಂತಾನವೇ, ಆ ಭಯ ಬೇಡ.

ಸಂಸಾರ ಶುರುವಾಗಿದ್ದರೆ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಕೂಡ ಬರುತ್ತದೆ. 18ರ ಒಳಗಿನ ಹೆಂಡತಿಯೊಂದಿಗಿನ ಲೈಂಗಿಕ ಸಂಪರ್ಕ ಅತ್ಯಾಚಾರ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಎಷ್ಟೋ ಕಡೆ ಬಸುರಿಯರ ತಾಯಿ ಕಾರ್ಡ್ ಮಾಡಿಸಲು ಬಂದಾಗಲೇ ವಯಸ್ಸು ಹೊರಬೀಳುತ್ತದೆ. ಗೊತ್ತಾದವರು ವರದಿ ಮಾಡಲೇಬೇಕು. ಆದರೆ ಈ ಹೆದರಿಕೆಗೆ ಬಸುರಿ ಹುಡುಗಿಯನ್ನು ಮನೆಯಲ್ಲೇ ಅಡಗಿಸಿಡುತ್ತಾರೆ. ತಪಾಸಣೆ ತಪ್ಪದ ಹಾಗೆ ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸಿ.

ಹಾಜರಿಪಟ್ಟಿ:
ಭಾನುವಾರ ತಪ್ಪಿದ ಮದುವೆ ಮುಂದಿನ ಮುಹೂರ್ತಕ್ಕೆ ಮತ್ತೆ ಕೂಡುತ್ತದೆ. ಹುಡುಗಿ ಶಾಲೆಯಲ್ಲಿದ್ದರೆ ಮಾತ್ರ ಅದು ಮುಂದಕ್ಕೆ ಹೋಗುತ್ತಾ ಹೋಗುತ್ತದೆ. ಟಿಸಿ ಮನೆಯಲ್ಲಿದೆ ಅಂದರೆ ಅವಳು ಶಾಲೆಯ ಪಟ್ಟಿಯಿಂದ ಹೊರಗಿದ್ದಾಳೆ. ಮದುವೆ ನಿಂತ ವಾರವೇ ಮರುದಾಖಲು ಮಾಡಿಸಿ. ದೂರ ಹೆಚ್ಚಾದರೆ ಹಾಸ್ಟೆಲ್‌ಗೆ ಅರ್ಜಿ ಕೊಡಿ.

ಅಪ್ಪನ ಹತ್ತಿರ ಮಾತಾಡುವಾಗ ಕಾನೂನಿಗಿಂತ ಲೆಕ್ಕ ಚೆನ್ನಾಗಿ ಕೆಲಸ ಮಾಡುತ್ತದೆ. ಹೆಣ್ಣುಮಗುವಿನ ಹೆಸರಿಗೆ ಸರ್ಕಾರ ಕೊಡುವ ಭಾಗ್ಯಲಕ್ಷ್ಮಿ ಬಾಂಡ್ ಇದೆಯೇ ಕೇಳಿ. 18 ತುಂಬುವ ಮೊದಲು ಮದುವೆಯಾದರೆ ಆ ಹಣ ಕೈಬಿಟ್ಟುಹೋಗುತ್ತದೆ, ಎಂಟನೇ ತರಗತಿಯಾದರೂ ಓದಿರಬೇಕು ಎಂಬ ಷರತ್ತೂ ಇದೆ. ತಂದೆ ತೀರಿಕೊಂಡಿದ್ದರೆ ಅಥವಾ ಹಾಸಿಗೆ ಹಿಡಿದಿದ್ದರೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವಕ್ಕೆ (ಮಗುವಿನ ಪಾಲನೆಗೆ ಸರ್ಕಾರ ಕೊಡುವ ನೆರವು) ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಹಾಕಿಸಿ. ತಿಂಗಳಿಗೆ 4,000 ರೂಪಾಯಿ, ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ಮೀರಿರಬಾರದು. ಆದಾಯ ಪ್ರಮಾಣಪತ್ರ ಸಿದ್ಧವಿಲ್ಲದೆ ಎಷ್ಟೋ ಅರ್ಜಿ ಕೂತುಬಿಡುತ್ತವೆ. ಅದನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಡಿ.