ಆಯಿಲ್ ಕಡ್ಡಿಯಲ್ಲಿ ಲೆವೆಲ್ ಏರುತ್ತಾ ಇದೆ: 15ಡಬ್ಲ್ಯು-40 ಹಾಕಿಸಿದ್ದು ತಪ್ಪಾಯ್ತಾ?

ಆಲ್ದೂರು ತೋಟದವ:
ಎಲ್ಲರಿಗೂ ನಮಸ್ಕಾರ. ನನ್ನದು 2021ರ ಡೀಸೆಲ್ ಫೋರ್ ವೀಲ್ ಡ್ರೈವ್, ಬಿಎಸ್6. 46,000 ಕಿ.ಮೀ. ಆಗಿದೆ. ಓಡಾಟವೆಲ್ಲ ತೋಟದೊಳಗೇ. ಮನೆಯಿಂದ ಕಣ, ಕಣದಿಂದ ಲೈನ್ ಮನೆ, ಅಲ್ಲಿಂದ ಪೇಟೆ. ಒಂದು ಸಲಕ್ಕೆ ಐದಾರು ಕಿಲೋಮೀಟರ್ ಓಡಿದರೆ ಜಾಸ್ತಿ. ಅದರಲ್ಲೂ ಅರ್ಧ ದಾರಿ ಫೋರ್ ಲೋನಲ್ಲೇ, ಅಂದರೆ ನಾಲ್ಕೂ ಚಕ್ರ ಎಳೆಯುವ ನಿಧಾನದ ಗೇರಿನಲ್ಲಿ.

ಜನವರಿಯಲ್ಲಿ ಸರ್ವಿಸ್ ಬಂತು. ಹಣ್ಣು ಕೊಯ್ಲು ನಡೆಯುತ್ತಿತ್ತು, ಚಿಕ್ಕಮಗಳೂರಿಗೆ ಹೋಗೋಕೆ ಪುರುಸೊತ್ತಿರಲಿಲ್ಲ. ಗೊತ್ತಿರುವ ಗ್ಯಾರೇಜಿನವರೊಬ್ಬರನ್ನು ಕರೆಸಿದೆ. ಶೆಡ್ಡಿನಲ್ಲಿ ಟ್ರ್ಯಾಕ್ಟರಿಗೆ ತಂದ 15ಡಬ್ಲ್ಯು-40 ಎಂಜಿನ್ ಆಯಿಲ್ ಕ್ಯಾನ್ ಇತ್ತು. "ಡೀಸೆಲ್ ಆಯಿಲ್ ತಾನೇ, ಏನೂ ಆಗಲ್ಲ" ಅಂದರು. ಅದನ್ನೇ ಹಾಕಿದೆವು.

ಈಗ ಮೂರು ತಿಂಗಳು. ಹೋದ ವಾರ ಮೀಟರಿನಲ್ಲಿ ಹಳದಿ ಲೈಟ್ ಬಂತು. ಪಿಕಪ್ ಕಮ್ಮಿಯಾಗಿದೆ. ಕಡ್ಡಿ ಎಳೆದು ನೋಡಿದರೆ ಆಯಿಲ್ ಮೇಲಿನ ಗೆರೆಗಿಂತ ಒಂದು ಬೆರಳು ಜಾಸ್ತಿ! ನಾನು ಒಂದು ಹನಿ ಸೇರಿಸಿಲ್ಲ. ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಒಬ್ಬರು ಹೆದರಿಸಿದ್ದಾರೆ. ರೇಡಿಯೇಟರ್ ನೀರು ಮಾತ್ರ ಕಮ್ಮಿ ಆಗಿಲ್ಲ.

ಕಳಸದ ಹಳೇ ಜೀಪು:
ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಮಾರಾಯ್ರೇ. ನನ್ನ ಎಂಎಂ540 ಜೀಪು ಇಪ್ಪತ್ತು ವರ್ಷದಿಂದ 15ಡಬ್ಲ್ಯು-40 ಕುಡಿದೇ ಓಡುತ್ತಿದೆ. ಗ್ಯಾರೇಜಿನವರು ಅವತ್ತೇ ಜಾಸ್ತಿ ಸುರಿದಿರಬೇಕು. ಸ್ವಲ್ಪ ತೆಗೆದುಬಿಡಿ, ಮುಗಿಯಿತು.

ಹಾಸನ ಡೀಸೆಲ್:
ತೋಟದವರೇ, ಮೊದಲು ಗಾಡಿ ಓಡಿಸುವುದನ್ನು ನಿಲ್ಲಿಸಿ. ಚೇಂಬರಿನಲ್ಲಿ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಯಲ್ಲಿ, ಆಯಿಲ್ ಮಿತಿ ಮೀರಿದರೆ ಡೀಸೆಲ್ ಎಂಜಿನ್ ಬ್ರೀದರ್ ಪೈಪಿನಿಂದ ತನ್ನ ಆಯಿಲನ್ನೇ ಎಳೆದುಕೊಂಡು ಉರಿಸಲು ಶುರು ಮಾಡಬಹುದು. ಆಗ ಕೀ ತೆಗೆದರೂ ಎಂಜಿನ್ ನಿಲ್ಲುವುದಿಲ್ಲ.

ಈಗ ಎರಡು ಕೆಲಸ ಮಾಡಿ. ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಕಣದಲ್ಲೇ ನಿಲ್ಲಿಸಿದರೂ ಆಯಿತು. ಕಡ್ಡಿ ಎಳೆದು ಮೂಸಿ ನೋಡಿ. ಆಮೇಲೆ ಒಂದು ಹನಿಯನ್ನು ಪೇಪರ್ ನ್ಯಾಪ್ಕಿನ್ ಮೇಲೆ ಬಿಟ್ಟು ಒಂದು ಗಂಟೆ ಬಿಟ್ಟು ನೋಡಿ. ಬಣ್ಣ ಹಾಲು ಹಾಕಿದ ಕಾಫಿ ಥರ ಇದ್ದರೆ ನೀರು ಸೇರಿದೆ ಅಂತ, ಗ್ಯಾಸ್ಕೆಟ್ ಮಾತು ಆಮೇಲೆ ಆಡೋಣ.

ಆಲ್ದೂರು ತೋಟದವ:
ನೋಡಿದೆ ಸರ್. ಕಾಫಿ ಬಣ್ಣ ಇಲ್ಲ, ಕಪ್ಪಗಿದೆ. ಬೆರಳಲ್ಲಿ ಉಜ್ಜಿದರೆ ನೀರು ನೀರು, ಜಿಡ್ಡೇ ಇಲ್ಲ. ಡೀಸೆಲ್ ವಾಸನೆ ಜೋರಾಗಿದೆ. ನ್ಯಾಪ್ಕಿನ್ ಮೇಲೆ ನಡುವೆ ಕಪ್ಪು ಚುಕ್ಕೆ, ಅದರ ಸುತ್ತ ತಿಳಿ ಎಣ್ಣೆಯ ಅಗಲವಾದ ಉಂಗುರ.

ಹಾಸನ ಡೀಸೆಲ್:
ಆ ಉಂಗುರವೇ ಡೀಸೆಲ್. ಆಯಿಲಿಗೆ ಡೀಸೆಲ್ ಸೇರುತ್ತಿದೆ. ಬಣ್ಣ ಕಪ್ಪಗಾಗಿದ್ದಕ್ಕೆ ಹೆದರಬೇಡಿ. ಡೀಸೆಲ್ ಗಾಡಿಯಲ್ಲಿ ಹೊಸ ಆಯಿಲ್ ಕೂಡ ಬೇಗ ಕಪ್ಪಗಾಗುತ್ತದೆ.

ನಿಮ್ಮ ಗಾಡಿಯ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಇದೆ, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್. ಅದು ತುಂಬುತ್ತಾ ಬಂದಾಗ ಎಂಜಿನ್ ತಾನಾಗಿಯೇ ಒಂದಿಷ್ಟು ಡೀಸೆಲನ್ನು ತಡವಾಗಿ ಚಿಮ್ಮಿಸಿ, ಫಿಲ್ಟರನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿ ಸುಡುತ್ತದೆ. ಇದಕ್ಕೆ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ನೀವು ಕಣದ ಹತ್ತಿರ ಬಂದು ಆಫ್ ಮಾಡುತ್ತೀರಿ. ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ನಾಳೆ ಮತ್ತೆ ಶುರು, ಮತ್ತೆ ಅರ್ಧಕ್ಕೆ. ಪ್ರತಿ ಸಲವೂ ಉರಿಯದ ಡೀಸೆಲ್ ಸಿಲಿಂಡರ್ ಗೋಡೆ ಹಿಡಿದು ಚೇಂಬರಿಗೆ ಇಳಿಯುತ್ತದೆ. ಅದಕ್ಕೇ ಲೆವೆಲ್ ಏರಿದ್ದು.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಲೆವೆಲ್ ಏರಿದ್ದು 15ಡಬ್ಲ್ಯು-40 ತಪ್ಪಿನಿಂದಲ್ಲ. ಸರಿಯಾದ ಆಯಿಲ್ ಹಾಕಿದ್ದರೂ ಈ ಓಡಾಟಕ್ಕೆ ಏರುತ್ತಿತ್ತು. ಆ ಆಯಿಲಿನ ತೊಂದರೆ ಬೇರೆ, ಅದು ನಿಧಾನಕ್ಕೆ ಕಾಣುತ್ತದೆ: ಬೂದಿ. ಆಯಿಲಿಗೆ ಸೇರಿಸಿರುವ ಕೆಲವು ರಾಸಾಯನಿಕಗಳು ಉರಿದ ಮೇಲೆ ಬೂದಿಯಾಗಿ ಡಿಪಿಎಫ್‌ನಲ್ಲಿ ಕೂರುತ್ತವೆ. ಬಚ್ಚಲೊಲೆಗೆ ಎಷ್ಟೇ ಬೆಂಕಿ ಹಾಕಿದರೂ ಬೂದಿ ಉರಿದು ಹೋಗಲ್ಲ, ಅಲ್ವಾ? ಮಸಿ ಸುಡಬಹುದು, ಬೂದಿ ಸುಡೋಕಾಗಲ್ಲ. ಮೂರು ತಿಂಗಳಿಗೆ ಫಿಲ್ಟರ್ ಹಾಳಾಗಿರಲಾರದು. ಹಾಗೇ ಮುಂದುವರಿಸಿದರೆ ಮಾತ್ರ ಅದರ ಆಯಸ್ಸು ಕಮ್ಮಿ.

ಹಾಗಾಗಿ ಕ್ಯಾನಿನ ಮುಂದಿರುವ ದೊಡ್ಡ ನಂಬರ್ ನೋಡಿ ಆಯಿಲ್ ತರಬೇಡಿ. 15ಡಬ್ಲ್ಯು ಆಯಿಲಿನ ಚಳಿ ಪರೀಕ್ಷೆ ನಡೆಯುವುದು ಮೈನಸ್ 20 ಡಿಗ್ರಿಯಲ್ಲಿ, 5ಡಬ್ಲ್ಯು ಪರೀಕ್ಷೆ ಮೈನಸ್ 30ರಲ್ಲಿ. ಮುಳ್ಳಯ್ಯನಗಿರಿ ತುದಿಯಲ್ಲಿ ಗಾಡಿ ನಿಲ್ಲಿಸಿ ಮಲಗಿದರೂ ಅಷ್ಟು ಚಳಿ ಕಾಣಲ್ಲ. ಚಳಿಗೆ ಸ್ಟಾರ್ಟ್ ಆಗುವ ಚಿಂತೆ ನಮಗಿಲ್ಲ. ಕೊನೆಯ 30, 40 ಅನ್ನುವುದು ಎಂಜಿನ್ ಬಿಸಿಯಾದಾಗ ಆಯಿಲ್ ಎಷ್ಟು ದಪ್ಪ ಇರುತ್ತದೆ ಅಂತ. ಅದನ್ನು ಗಾಡಿ ಪುಸ್ತಕ ಹೇಳಿದಂತೆ ಹಾಕಿ, ಲೋಡ್ ಜಾಸ್ತಿ ಅಂತ ನೀವೇ ದಪ್ಪ ಮಾಡಬೇಡಿ.

ನೋಡಬೇಕಾದದ್ದು ಕ್ಯಾನಿನ ಹಿಂದಿನ ಸಣ್ಣ ಅಕ್ಷರ. ಡಿಪಿಎಫ್ ಇರುವ ಇಂಥ ಗಾಡಿಗಳಿಗೆ ಸಾಮಾನ್ಯವಾಗಿ ಎಸಿಇಎ (ಯುರೋಪಿನ ಗಾಡಿ ಕಂಪನಿಗಳ ಸಂಘ) ದರ್ಜೆಯ ಸಿ2 ಅಥವಾ ಸಿ3 ಕೇಳುತ್ತಾರೆ. ಸಿ3ಯಲ್ಲಿ ಬೂದಿ ಶೇ. 0.8 ಮೀರುವಂತಿಲ್ಲ. ಲಾರಿಗಳ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ದರ್ಜೆ ಸಿಕೆ-4ರಲ್ಲಿ ಶೇ. 1ರವರೆಗೆ ಬಿಡುತ್ತಾರೆ. ನಿಮ್ಮ ಪುಸ್ತಕದಲ್ಲಿ ಏನಿದೆ?

ಆಲ್ದೂರು ತೋಟದವ:
5ಡಬ್ಲ್ಯು-30, ಎಸಿಇಎ ಸಿ3. ಟ್ರ್ಯಾಕ್ಟರ್ ಕ್ಯಾನಿನ ಹಿಂದೆ ಬರೀ ಎಪಿಐ ಸಿಐ-4 ಅಂತಿದೆ, ಸಿ3 ಅಂತಿಲ್ಲ.

ಮೂಡಿಗೆರೆ ಘಾಟಿ:
ನಮ್ಮ ಕಡೆ ಎಲ್ಲ ಡಿಪಿಎಫ್ ಕಿತ್ತು ಪೈಪ್ ಹಾಕಿಸುತ್ತಾರೆ. ಒಂದೇ ಸಲಕ್ಕೆ ಕಿರಿಕಿರಿ ಹೋಗುತ್ತದೆ.

ಹಾಸನ ಡೀಸೆಲ್:
ಅದು ಕಾನೂನಿಗೆ ವಿರುದ್ಧ. ವಾರಂಟಿಯೂ ಹೋಗುತ್ತದೆ. ಆ ದಾರಿ ಬೇಡ.

ತೋಟದವರೇ, ಜಾಸ್ತಿ ಆದಷ್ಟನ್ನು ಮಾತ್ರ ತೆಗೆದರೆ ಸಾಲದು, ಉಳಿಯುವುದೂ ತೆಳುವಾದ ಆಯಿಲೇ. ಮನೆಯಲ್ಲೇ ಪೂರ್ತಿ ಇಳಿಸಿ, ಆಯಿಲ್ ಫಿಲ್ಟರ್ ಬದಲಾಯಿಸಿ, ಸಿ3 ಹಾಕಿಸಿ. ಆಮೇಲೆ ವರ್ಕ್‌ಶಾಪಿಗೆ ಹೋಗಿ ಸ್ಕ್ಯಾನರ್ ಹಾಕಿಸಿ ಡಿಪಿಎಫ್‌ನ ಮಸಿ ಸುಡಿಸಿ. ಇನ್ನು ವಾರಕ್ಕೊಮ್ಮೆ ಕಡೂರು ರಸ್ತೆಗೆ ಇಳಿದು ಅರ್ಧ ಗಂಟೆ 60ರ ಮೇಲೆ ಒಂದೇ ಸಮ ಓಡಿಸಿ. ಚಾರ್ಮಾಡಿ ಕಡೆ ಬೇಡ, ತಿರುವಿನಲ್ಲಿ ವೇಗ ನಿಲ್ಲಲ್ಲ.

ಕಳಸದ ಹಳೇ ಜೀಪು:
ಹಾಗಾದ್ರೆ ನನ್ನ ಜೀಪಿಗೂ ಸಿ3 ಹಾಕಬೇಕಾ?

ಹಾಸನ ಡೀಸೆಲ್:
ಬೇಡ ಅಣ್ಣ. ನಿಮ್ಮ ಸೈಲೆನ್ಸರಿನಲ್ಲಿ ಬೂದಿ ಕೂರೋಕೆ ಫಿಲ್ಟರೇ ಇಲ್ಲ. ಸಿಐ-4 15ಡಬ್ಲ್ಯು-40 ನಿಮಗೆ ಧಾರಾಳ. ಆ ದುಡ್ಡಿನಲ್ಲಿ ಹೌಸಿಂಗ್ ಆಯಿಲ್, ಅಂದರೆ ಚಕ್ರಗಳ ನಡುವಿನ ಆಕ್ಸಲ್ ಗೇರುಗಳ ಆಯಿಲ್, ನೋಡಿಸಿ. ಹಳ್ಳ ದಾಟಿದ ಜೀಪಿನಲ್ಲಿ ಅಲ್ಲಿಗೆ ನೀರು ಹೋಗಿರುತ್ತದೆ, ಯಾರೂ ತೆಗೆದು ನೋಡಲ್ಲ.

ಆಲ್ದೂರು ತೋಟದವ:
ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಹೇಳಿದ ಹಾಗೇ ಮಾಡಿಸಿದೆ. ಇಳಿಸುವಾಗ ಆಯಿಲ್ ಚಹಾ ಸುರಿದಂತೆ ಸುರಿಯಿತು, ಗ್ಯಾರೇಜಿನವರೇ ಬೆಪ್ಪಾದರು. ಸ್ಕ್ಯಾನರಿನಲ್ಲಿ ಸುಟ್ಟ ಮೇಲೆ ಲೈಟ್ ಹೋಗಿದೆ, ಪಿಕಪ್ ಬಂದಿದೆ. ಇವತ್ತು ಬೆಳಿಗ್ಗೆ ಕಡ್ಡಿ ನೋಡಿದೆ, ಲೆವೆಲ್ ಹಾಕಿದಲ್ಲೇ ನಿಂತಿದೆ. ಶನಿವಾರ ಶನಿವಾರ ಕಡೂರಿಗೆ ಹೋಗಿ ಬರುತ್ತೇನೆ.

ಕಳಸದ ಹಳೇ ಜೀಪು:
ಹೇಗೂ ಹೋಗುತ್ತೀರಲ್ಲ, ಬರುವಾಗ ನನಗೂ ಒಂದು ಚೀಲ ತೆಂಗಿನಕಾಯಿ ಹಾಕಿಕೊಂಡು ಬನ್ನಿ. ಅಂದ ಹಾಗೆ, ಹೌಸಿಂಗ್ ಬಿಚ್ಚಿಸಿದೆ. ಹಾಲು ಕಾಫಿ!